ಬಣ್ಣದ ಕೊಕ್ಕರೆಯನ್ನು ಎದುರಿಗೇ ಕೂತು ಬರೆಯುವುದು: ಜಾಗ, ಗೆರೆ, ಬಣ್ಣ

ಕೆರೆ_ಏರಿ
ಫೋಟೊ ಮುಂದಿಟ್ಟುಕೊಂಡು ಬರೆದ ಹಕ್ಕಿಗಳಲ್ಲಿ ಗರಿಯ ಲೆಕ್ಕ ಸರಿ ಇರುತ್ತೆ, ಹಕ್ಕಿಗೆ ಮಾತ್ರ ಭಾರವೇ ಇರಲ್ಲ. ಕತ್ತರಿಸಿ ಕೊಂಬೆಗೆ ಅಂಟಿಸಿದ ಹಾಗೆ. ಅದಕ್ಕೇ ಈ ಸೀಸನ್ನಿನಲ್ಲಿ ಬಣ್ಣದ ಕೊಕ್ಕರೆಯನ್ನು ಎದುರಿಗೇ ಕೂತು ಬರೆಯುವ ಯೋಚನೆ. ರಂಗನತಿಟ್ಟೋ ಕೊಕ್ಕರೆ ಬೆಳ್ಳೂರೋ? ದೋಣಿಯಲ್ಲಿ ಬರೆಯೋಕಾಗುತ್ತಾ? ಹಕ್ಕಿ ಕದಲಿದರೆ ಅರ್ಧ ಬರೆದ ಗೆರೆಯನ್ನು ಏನು ಮಾಡೋದು? ಬಿಳಿ ಹಕ್ಕಿಯನ್ನು ಬಿಳಿ ಹಾಳೆಯ ಮೇಲೆ ತೋರಿಸೋದು ಹೇಗೆ? ಜಲವರ್ಣದ ಅಭ್ಯಾಸ ಇದೆ, ಬಯಲಲ್ಲಿ ಕೂತು ಬಳಸಿದ್ದು ಕಡಿಮೆ.

ಹಾವಕ್ಕಿ
ನೋಡೋದಕ್ಕೆ ರಂಗನತಿಟ್ಟು, ಬರೆಯೋದಕ್ಕೆ ಕೊಕ್ಕರೆ ಬೆಳ್ಳೂರು.

ರಂಗನತಿಟ್ಟಿನಲ್ಲಿ ವೈವಿಧ್ಯ ಹೆಚ್ಚು. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕು, ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆ, ಹೊಳೆ ರೀವ ಎಲ್ಲ ಒಂದೇ ಕಡೆ. ಆದರೆ ಹತ್ತಿರದ ನೋಟ ಸಿಗುವುದು ದೋಣಿಯಿಂದ. ದೋಣಿ ನಿಮಗೋಸ್ಕರ ನಿಲ್ಲಲ್ಲ, ನಿಂತರೂ ತೇಲುತ್ತಲೇ ಇರುತ್ತೆ. ಪಕ್ಕದಲ್ಲಿ ಕೂತವರು ಮೊಸಳೆ ನೋಡಲು ಒಮ್ಮೆಲೇ ಒಂದು ಮಗ್ಗುಲಿಗೆ ವಾಲುತ್ತಾರೆ. ದೋಣಿಯಲ್ಲಿ ಬಣ್ಣದ ಪೆಟ್ಟಿಗೆ ತೆಗೆಯುವುದೇ ಬೇಡ. ಎ6 ಪುಸ್ತಕ, ಒಂದು ಬಾಲ್‌ಪೆನ್, ಹಕ್ಕಿಗೆ ಐದಾರು ಗೆರೆ, ಅಷ್ಟೇ. ದಡದ ಹಾದಿಯಲ್ಲಿ ದ್ವೀಪಗಳು ಕಾಣುವ ಜಾಗಗಳಿವೆ. ಅಲ್ಲಿ ಟ್ರೈಪಾಡ್ ಊರಿ ಕೂತರೆ ಎರಡು ಗಂಟೆ ಕೆಲಸ ಸಾಧ್ಯ. ನೀರಿನ ಅಂಚಿಗೆ ಮಾತ್ರ ಇಳಿಯಬೇಡಿ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆ ಗೊಂಬೆಯಲ್ಲ.

ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನ ಹಳ್ಳಿ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್) ಎರಡೂ ಮನೆಗಳ ನಡುವಿನ ಹುಣಸೆ, ಅತ್ತಿ, ಅರಳಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಮನುಷ್ಯರ ಓಡಾಟ ಅವಕ್ಕೆ ಹೊಸದಲ್ಲ. ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಗೂಡಿನ ಎಲ್ಲ ಹಂತಗಳೂ ಕಾಣಸಿಗುತ್ತವೆ. ಕಡ್ಡಿ ತರುವುದು, ಕಾವು, ಮರಿಗೆ ಉಣಿಸುವುದು, ಎಲ್ಲ. ಗೂಡಿನ ಹಕ್ಕಿ ಎಲ್ಲಿಗೂ ಹೋಗಲ್ಲ, ಹೋದರೂ ಅಲ್ಲಿಗೇ ಬರುತ್ತೆ. ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಮಾಡೆಲ್ ಸಿಗಲ್ಲ.

ಮರದ ಬುಡದಲ್ಲಿ ಕೂರಬೇಡಿ. ಒಂದು, ಹಿಕ್ಕೆ. ಅದು ಹಾಳೆಯ ಮೇಲೆ ಬಿದ್ದರೆ ಮುಗಿಯಿತು, ಒರೆಸಿದಷ್ಟೂ ಹರಡುತ್ತೆ. ಎರಡು, ತಲೆ ಎತ್ತಿ ನೋಡಿದರೆ ಹಕ್ಕಿಯ ಹೊಟ್ಟೆ ಬಿಟ್ಟು ಬೇರೇನೂ ಕಾಣಲ್ಲ, ಕತ್ತೂ ಹಿಡಿಯುತ್ತೆ. ಗೂಡು 10 ಮೀಟರ್ ಎತ್ತರದಲ್ಲಿದ್ದರೆ 28-30 ಮೀಟರ್ ದೂರ ಸರಿಯಿರಿ, ನೋಟದ ಕೋನ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಇಲ್ಲದಿದ್ದರೆ ಆಕಾಶದ ಬೆಳಕಿಗೆ ಬಿಳಿ ಹಕ್ಕಿಯೂ ಕಪ್ಪು ನೆರಳಾಗಿಬಿಡುತ್ತೆ.

ಟ್ರೈಪಾಡ್_ಮೂರುಕಾಲು
ಉಪಕರಣದ ಮಾತು. ಬರೆಯೋದಕ್ಕೆ 10x ಬೈನಾಕ್ಯುಲರ್‌ಗಿಂತ 8x ಮೇಲು. ಒಂದು ಕೈಯಲ್ಲಿ ಪೆನ್ಸಿಲ್ ಇರುತ್ತೆ, ಇನ್ನೊಂದು ಕೈಯಲ್ಲಿ ಹಿಡಿದಾಗ 10xನ ನಡುಕ ತಡೆಯೋಕಾಗಲ್ಲ. 8x32 (ಎಂಟು ಪಟ್ಟು ಹಿಗ್ಗಿಸುವ, ಮುಂದಿನ ಗಾಜು 32 ಮಿಲಿಮೀಟರ್ ಅಗಲದ್ದು) ಹಗುರ. ಮುಂಜಾನೆಯ ಮಬ್ಬಿನಲ್ಲೇ ಶುರು ಮಾಡುವವರಿಗೆ 8x42. 32ನ್ನು 8ರಿಂದ ಭಾಗಿಸಿದರೆ 4, 42ನ್ನು ಭಾಗಿಸಿದರೆ 5.25. ಅದು ಕಣ್ಣಿಗೆ ಬರುವ ಬೆಳಕಿನ ಬಿಲ್ಲೆಯ ಮಿಲಿಮೀಟರ್ ಅಳತೆ. ಬೆಳಕು ಕಡಿಮೆ ಇದ್ದಾಗ ಈ ವ್ಯತ್ಯಾಸ ಗೊತ್ತಾಗುತ್ತೆ, ಬಿಸಿಲಲ್ಲಿ ಏನೂ ಇಲ್ಲ.

ಸ್ಪಾಟಿಂಗ್ ಸ್ಕೋಪ್ (ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ದುರ್ಬೀನು) ತಗೊಳ್ಳುವುದಾದರೆ ಕಣ್ಣಿನ ತುದಿ 45 ಡಿಗ್ರಿ ಬಾಗಿರುವುದನ್ನೇ ತಗೊಳ್ಳಿ. ನೇರ ಸ್ಕೋಪ್ ಹಾರುವ ಹಕ್ಕಿ ಹಿಂಬಾಲಿಸೋಕೆ ಸರಿ, ಬರೆಯೋಕೆ ಅಲ್ಲ. ಬಾಗಿದ್ದರೆ ಸ್ಟೂಲಿನ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟು, ತಲೆ ಒಂದಿಷ್ಟು ಇಳಿಸಿದರೆ ಹಾಳೆ, ಎತ್ತಿದರೆ ಹಕ್ಕಿ. 20-60x ಝೂಮ್ ಇದ್ದರೂ 20-30ರಲ್ಲೇ ಇರಿ. ಹತ್ತು ಗಂಟೆಯ ಮೇಲೆ ಬಂಡೆ, ಮರಳಿನ ಮೇಲಿನ ಗಾಳಿ ಕುದಿಯೋಕೆ ಶುರುವಾಗುತ್ತೆ. ಆಗ ಝೂಮ್ ಏರಿಸಿದಷ್ಟೂ ಹಕ್ಕಿ ಜೆಲ್ಲಿಯಂತೆ ಅದುರುತ್ತೆ. ಲೆನ್ಸ್ ಕೆಟ್ಟಿದೆ ಅಂತ ರಿಪೇರಿಗೆ ಒಯ್ಯಬೇಡಿ.

ಮಸಿಕುಡಿಕೆ
ಗೆರೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ಮುಖ್ಯ ತೊಡಕು ಅಲ್ಲೇ ಇರುವುದು.

ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟಬೇಡಿ. ಹಕ್ಕಿ ಏನು ಮಾಡುತ್ತದೆ, ಯಾವ ಭಂಗಿಗೆ ಮರಳಿ ಬರುತ್ತದೆ ಎಂದು ಬರೀ ನೋಡಿ. ಬಣ್ಣದ ಕೊಕ್ಕರೆ ಗೂಡಿನಲ್ಲಿ ಮಾಡುವ ಕೆಲಸಗಳು ಬೆರಳೆಣಿಕೆಯಷ್ಟು: ಕೊಕ್ಕನ್ನು ಎದೆಗೆ ಒರಗಿಸಿ ನಿಲ್ಲುವುದು, ಎದೆ-ಭುಜ-ರೆಕ್ಕೆಯಡಿ ಎಂದು ಗರಿ ತೀಡುವುದು, ಕಡ್ಡಿ ಸರಿಮಾಡುವುದು, ಬಿಸಿಲೇರಿದಾಗ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಕೊಡುವುದು. ನೀರಿನಲ್ಲಿ ಮೇಯುವಾಗ ಇನ್ನೂ ಸುಲಭ. ಅರೆತೆರೆದ ಕೊಕ್ಕನ್ನು ನೀರಿಗೆ ಇಳಿಸಿ ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತಾ, ಕಾಲಿನಿಂದ ಕೆಸರು ಕಲಕುತ್ತಾ ಹೋಗುತ್ತದೆ. ಅದು ಕಣ್ಣಿನಿಂದಲ್ಲ, ಕೊಕ್ಕಿನ ಸ್ಪರ್ಶದಿಂದ ಮೀನು ಹಿಡಿಯುವ ಹಕ್ಕಿ. ಹಾಗಾಗಿ ಅದೇ ಚಲನೆಯನ್ನು ನೂರು ಸಲ ಮಾಡುತ್ತದೆ.

ಹಾಳೆಯನ್ನು ಆರು ಭಾಗ ಮಾಡಿಕೊಳ್ಳಿ. ಒಂದರಲ್ಲಿ ಶುರು ಮಾಡಿ, ಹಕ್ಕಿ ಕದಲಿದ ಕೂಡಲೇ ಬಿಟ್ಟು ಪಕ್ಕದ್ದಕ್ಕೆ ಹೋಗಿ. ಹಳೆಯ ಭಂಗಿ ಮರಳಿದಾಗ ಹಳೆಯ ಚಿತ್ರಕ್ಕೆ ಮರಳಿ. ಆರರಲ್ಲಿ ಎರಡು ಮುಗಿಯುತ್ತವೆ, ನಾಲ್ಕು ಮುಗಿಯುವುದಿಲ್ಲ. ಮುಗಿಯದ ನಾಲ್ಕನ್ನು ಊಹೆಯಿಂದ ತುಂಬಲೇಬೇಡಿ. ಅರ್ಧ ಗೆರೆ ನಿಜ ಹೇಳುತ್ತದೆ, ಊಹಿಸಿದ ಅರ್ಧ ಮನೆಗೆ ಬಂದಮೇಲೆ ನಿಮ್ಮನ್ನೇ ನಂಬಿಸುತ್ತದೆ.

ಗೆರೆಯ ಕ್ರಮ: ಮೊದಲು ಬೆನ್ನಿನ ಓಟ, ಅಂದರೆ ಕತ್ತಿನ ಬುಡದಿಂದ ಬಾಲದವರೆಗೆ ಒಂದೇ ಗೆರೆ. ಆಮೇಲೆ ಒಡಲಿನ ಮೊಟ್ಟೆ. ಮೂರನೆಯದು ಕಣ್ಣಿನಿಂದ ಕೊಕ್ಕಿನ ತುದಿಯ ದಿಕ್ಕು. ನಾಲ್ಕನೆಯದು ಕಾಲು ಒಡಲಿನಿಂದ ಹೊರಬರುವ ಜಾಗ, ನಂತರ ಪಾದ ಊರಿದ ಜಾಗ. ಕೊನೆಯ ಎರಡು ಬಿಂದುಗಳನ್ನು ಮೊದಲು ಗುರುತಿಸಿ, ಕಾಲನ್ನು ಆಮೇಲೆ ಸೇರಿಸಿ. ಎಲ್ಲದಕ್ಕೂ ಅಳತೆಗೋಲು ಕೊಕ್ಕಿನ ಉದ್ದ. ಒಡಲು ಎಷ್ಟು ಕೊಕ್ಕು, ಕಾಲು ಎಷ್ಟು ಕೊಕ್ಕು ಎಂದು ಪ್ರತಿ ಸಲ ಅಳೆಯಿರಿ. ಕೈ ಚಾಚಿ ಪೆನ್ಸಿಲ್ ಹಿಡಿದು ಅಳೆಯುವ ಉಪಾಯ ಸ್ಕೋಪ್‌ನಲ್ಲಿ ನಡೆಯುವುದಿಲ್ಲ, ಅಲ್ಲಿ ಈ ಅನುಪಾತವೇ ಗತಿ.

ಫೋಟೊ ಹಕ್ಕಿಗೆ ಭಾರವಿಲ್ಲ ಅಂದಿರಲ್ಲ, ಕಾರಣ ಪಾದ. ಒಂಟಿಕಾಲಲ್ಲಿ ನಿಂತ ಹಕ್ಕಿಯ ಒಡಲಿನ ನಡುವಿಂದ ನೆಟ್ಟಗೆ ಗೆರೆ ಇಳಿಸಿದರೆ ಅದು ಊರಿದ ಪಾದದ ಮೇಲೇ ಬೀಳಬೇಕು. ಬೀಳದಿದ್ದರೆ ಎಷ್ಟು ಚೆಂದ ಗರಿ ಬರೆದರೂ ಹಕ್ಕಿ ಬೀಳುತ್ತಿರುವಂತೆಯೇ ಕಾಣುತ್ತದೆ.

ಬೂದುಬಕ
ಇದಕ್ಕೊಂದು ಸೇರಿಸಿ: ಕೊಕ್ಕರೆಯ ಕಾಲಿನ ನಡುವೆ ಹಿಂದಕ್ಕೆ ಮಡಚುವ ಗಂಟನ್ನು ಎಲ್ಲರೂ ಮೊಣಕಾಲು ಅಂತಾರೆ. ಅದು ಹಿಮ್ಮಡಿಯ ಕೀಲು. ನಿಜವಾದ ಮೊಣಕಾಲು ಮೇಲೆ ಗರಿಯೊಳಗೆ ಅಡಗಿರುತ್ತೆ, ಮುಂದಕ್ಕೆ ಬಾಗಿರುತ್ತೆ. ಇದು ತಲೆಯಲ್ಲಿದ್ದರೆ ಕಾಲು ಒಡಲಿನ ತೀರಾ ಹಿಂದಿನಿಂದ ಹೊರಬರುವ ತಪ್ಪು ತಾನಾಗಿ ನಿಲ್ಲುತ್ತೆ.

ಇನ್ನೊಂದು ಮಾಮೂಲಿ ತಪ್ಪು, ಬೆಳ್ಳಕ್ಕಿಯ ಕತ್ತನ್ನೇ ಕೊಕ್ಕರೆಗೂ ಬರೆಯೋದು. ಬಕ, ಬೆಳ್ಳಕ್ಕಿಗಳ ಕತ್ತಿನ ಆರನೆಯ ಮೂಳೆ ಉದ್ದ, ಅದರಿಂದಲೇ ಆ ಚೂಪು ತಿರುವು. ಕೊಕ್ಕರೆಯ ಕತ್ತಿನಲ್ಲಿ ಅಂಥ ಮುರಿತ ಇಲ್ಲ, ಹಗ್ಗದಂತೆ ನಯವಾಗಿ ಬಾಗುತ್ತೆ. ಹಾರುವಾಗಲೂ ಹಾಗೇ: ಕೊಕ್ಕರೆ, ಕೆಂಬರಲು, ಚಮಚದ ಕೊಕ್ಕು ಕತ್ತು ಚಾಚಿ ಹಾರುತ್ತವೆ. ಬಕ, ಬೆಳ್ಳಕ್ಕಿ, ಹೆಜ್ಜಾರ್ಲೆ ಕತ್ತು ಮಡಚಿ ಹಾರುತ್ತವೆ.

ಕೆರೆ_ಏರಿ
ಕಾಲಿನ ವಿಷಯ ಈಗ ಹೊಳೆಯಿತು. ಬಣ್ಣ ಅಲ್ಲೇ ಹಚ್ಚಬೇಕಾ, ಗುರುತು ಹಾಕಿಕೊಂಡು ಮನೆಯಲ್ಲಿ ಹಚ್ಚಿದರೆ ಸಾಕಾ?

ಮಸಿಕುಡಿಕೆ
ಮನೆಯಲ್ಲಿ. ಸ್ಥಳದಲ್ಲಿ ಬಣ್ಣಕ್ಕೆ ಕೊಡುವ ಅರ್ಧ ಗಂಟೆ ನೋಡುವುದರಿಂದ ಕದ್ದ ಅರ್ಧ ಗಂಟೆ. ಚಿತ್ರದ ಮೇಲೆ ಬಣ್ಣದ ಗುರುತು ಬರೆದುಕೊಳ್ಳಿ, ಗಾಢತೆಗೆ 1ರಿಂದ 5ರವರೆಗೆ ಅಂಕಿ ಹಾಕಿ. ಒಂದು ಅಂದರೆ ಹಾಳೆಯ ಬಿಳಿ, ಐದು ಅಂದರೆ ಮಸಿ. ಕನ್ನಡದಲ್ಲಿ ಮೊದಲ ಅಕ್ಷರ ಮಾತ್ರ ಬರೆದುಕೊಂಡರೆ ಕಷ್ಟ. ಕಪ್ಪು, ಕಂದು, ಕೆಂಪು ಮೂರೂ ‘ಕ’, ಪೆನ್ಸಿಲ್ಲಿನ ಸೊನ್ನೆ ಅಳಿಸಿಹೋದರೆ ಕಂದು ಕಪ್ಪಾಗುತ್ತದೆ. ಅದರ ಬದಲು ಗೊತ್ತಿರುವ ವಸ್ತುವಿನ ಹೆಸರು ಬರೆಯಿರಿ: ಹುಣಸೆಬೀಜ, ಅಂಟುಬೆಲ್ಲ, ಹಳೇ ಹೆಂಚು, ರಾಗಿಮುದ್ದೆ, ಒಲೆಬೂದಿ. ‘ತಿಳಿ ಕಂದು’ ಎಂದು ಬರೆದಿದ್ದು ವಾರದ ಮೇಲೆ ಏನನ್ನೂ ಹೇಳುವುದಿಲ್ಲ, ‘ಅಂಟುಬೆಲ್ಲ’ ಹೇಳುತ್ತದೆ.

ಒದ್ದೆಕುಂಚ
ಗುರುತಿನ ಉಪಾಯ ಸರಿ, ತೀರ್ಮಾನಕ್ಕೆ ಒಪ್ಪಿಗೆ ಇಲ್ಲ. ಬಿಳಿ ಹಕ್ಕಿಯ ನೆರಳಿನ ಬಣ್ಣ ನೆನಪಿನಲ್ಲಿ ನಿಲ್ಲುವುದೇ ಇಲ್ಲ. ಬಂಡೆಯ ಮೇಲೆ ನಿಂತ ಕೊಕ್ಕರೆಯ ಹೊಟ್ಟೆ ಬಂಡೆಯ ಬಿಸಿಲಿಗೆ ಕೆನೆ ಬಣ್ಣ, ನೀರಿನಲ್ಲಿ ನಿಂತದ್ದರ ಹೊಟ್ಟೆ ಹಸಿರು, ಆಕಾಶಕ್ಕೆ ತೆರೆದ ನೆರಳಿನ ಭಾಗ ನೀಲಿ. ಮನೆಯಲ್ಲಿ ಕೂತವರು ಮೂರಕ್ಕೂ ಒಂದೇ ಬೂದು ಹಚ್ಚುತ್ತಾರೆ. ಇಡೀ ಚಿತ್ರ ಬೇಡ, ಮೂರು ಬಣ್ಣದ ತೇಪೆಯಾದರೂ ಅಲ್ಲೇ ಹಾಕಿ: ಬಿಸಿಲಿನ ಬಿಳಿ, ನೆರಳಿನ ಬಿಳಿ, ಹಿನ್ನೆಲೆ.

ಬಣ್ಣದ ಕೊಕ್ಕರೆಗೆ ಆರು ಬಣ್ಣ ಸಾಕು: ಅಲ್ಟ್ರಾಮರೀನ್ (ಪಿಬಿ 29), ಬರ್ನ್ಟ್ ಸಿಯೆನಾ (ಪಿಬಿಆರ್ 7), ಯೆಲ್ಲೋ ಓಕರ್, ಒಂದು ಬೆಚ್ಚನೆ ಹಳದಿ, ಕ್ವಿನಾಕ್ರಿಡೋನ್ ರೋಸ್ (ಪಿವಿ 19), ಥ್ಯಾಲೊ ಗ್ರೀನ್ (ಪಿಜಿ 7). ಟ್ಯೂಬಿನ ಹಿಂದಿನ ಈ ವರ್ಣದ್ರವ್ಯದ ಅಂಕಿ ನೋಡಿಯೇ ಕೊಳ್ಳಿ, ಹೆಸರು ನಂಬಬೇಡಿ. ಅಲಿಝರಿನ್ ಕ್ರಿಮ್ಸನ್ ಎಂದು ಮಾರುವುದು ಪಿಆರ್ 83 ಆಗಿದ್ದರೆ ಅದು ಬೆಳಕಿಗೆ ಮಾಸುತ್ತದೆ. ಈ ಹಕ್ಕಿಯ ಚೆಲುವೆಲ್ಲ ಇರುವ ಬೆನ್ನಹಿಂದಿನ ಗುಲಾಬಿ ಗರಿಗಳೇ ಮೊದಲು ಮಾಯವಾಗುತ್ತವೆ.

ಹಚ್ಚುವ ಕ್ರಮ ಹೀಗೆ. ಮೊದಲು ಹಿನ್ನೆಲೆ. ಹಕ್ಕಿಯನ್ನು ಬರೆಯಬೇಡಿ, ಹಕ್ಕಿಯ ಸುತ್ತ ಬರೆಯಿರಿ. ಹುಣಸೆ ಎಲೆಯ ಗಾಢ ಹಸಿರು ಬೆನ್ನಿನ ಅಂಚಿಗೆ ತಾಕಿದಾಗ ಹಾಳೆಯ ಬಿಳಿಯೇ ಗರಿಯಾಗುತ್ತದೆ. ಬಿಳಿಯ ಸುತ್ತ ಕಪ್ಪು ಗೆರೆ ಎಳೆದರೆ ಬಾಲಮಂಗಳದ ಚಿತ್ರ. ಎರಡನೆಯದು ನೆರಳು: ಅಲ್ಟ್ರಾಮರೀನ್‌ಗೆ ಸಿಯೆನಾ ಸ್ವಲ್ಪ, ನೀರು ಬಹಳ. ಒಂದೇ ಸಲ ಹಚ್ಚಿ ಬಿಡಿ, ಕುಂಚದಲ್ಲಿ ತಿದ್ದಬೇಡಿ. ಒದ್ದೆ ಇರುವಾಗಲೇ ಹೊಟ್ಟೆಯ ಕಡೆ ಓಕರ್ ಒಂದು ಹನಿ ಬಿಟ್ಟರೆ ನೆಲದ ಬೆಳಕು ತಾನೇ ಬರುತ್ತದೆ. ಮೂರನೆಯದು ಕೊಕ್ಕಿನ ಓಕರ್-ಹಳದಿ, ಬೋಳು ಮುಖದ ಕಿತ್ತಳೆ. ಪೂರ್ತಿ ಒಣಗಿದ ಮೇಲೆ ಕಪ್ಪು. ಟ್ಯೂಬಿನ ಕಪ್ಪಲ್ಲ, ಅದೇ ಅಲ್ಟ್ರಾಮರೀನ್-ಸಿಯೆನಾ ಗಟ್ಟಿಯಾಗಿ ಕಲಸಿ ಥ್ಯಾಲೊ ಗ್ರೀನ್ ಚಿಟಿಕೆ. ರೆಕ್ಕೆಗರಿ, ಬಾಲದ ಕಪ್ಪಿಗೆ ಹಸಿರು ಹೊಳಪಿದೆ, ಟ್ಯೂಬಿನ ಕಪ್ಪು ಅದನ್ನು ಕೊಲ್ಲುತ್ತದೆ. ಎದೆಯ ಪಟ್ಟಿ ಬರೀ ಕಪ್ಪಲ್ಲ, ಕಪ್ಪಿನ ನಡುವೆ ಬಿಳಿ ಅಂಚಿನ ಗರಿಗಳು, ಮೀನಿನ ಹುರುಪೆಯ ಹಾಗೆ. ಆ ಬಿಳಿಯನ್ನು ಬಿಟ್ಟುಕೊಂಡೇ ಹಚ್ಚಬೇಕು. ಗುಲಾಬಿ ಕಟ್ಟಕಡೆಗೆ. ಪಕ್ಕದ ಕಪ್ಪು ಹಸಿಯಿದ್ದರೆ ಅದು ಗುಲಾಬಿಗೆ ನುಗ್ಗಿ ಕೊಳೆಮಾಡುತ್ತದೆ, ಮತ್ತೆ ತೊಳೆಯಲು ಬರುವುದಿಲ್ಲ.

ಕಾಲು ಗುಲಾಬಿ ಎಂದು ಓದಿ ಗುಲಾಬಿ ಹಚ್ಚಬೇಡಿ, ಎದುರಿನ ಹಕ್ಕಿ ನೋಡಿ. ಬಿಸಿಲಿಗೆ ಕೊಕ್ಕರೆಗಳು ತಂಪಾಗಲು ತಮ್ಮ ಕಾಲಿನ ಮೇಲೇ ಹಿಕ್ಕೆ ಹಾಕಿಕೊಳ್ಳುತ್ತವೆ. ಮಧ್ಯಾಹ್ನದ ಕಾಲು ಸುಣ್ಣ ಬಳಿದಂತಿರುತ್ತದೆ.

ಟ್ರೈಪಾಡ್_ಮೂರುಕಾಲು
ಬಿಳಿ ಬಿಟ್ಟುಕೊಳ್ಳೋಕೆ ಮಾಸ್ಕಿಂಗ್ ಫ್ಲೂಯಿಡ್ ಬಳಸಿದರೆ ಇಷ್ಟು ಕಷ್ಟ ಯಾಕೆ?

ಒದ್ದೆಕುಂಚ
ಮಂಡ್ಯದ ಮಾರ್ಚ್ ಬಿಸಿಲಲ್ಲಿ ಬೇಡ. ಅದು ರಬ್ಬರ್ ಹಾಲು. ಬಿಸಿಗೆ ಹಾಳೆಯ ನಾರಿಗೆ ಕಚ್ಚಿಕೊಂಡು, ಎಬ್ಬಿಸುವಾಗ ಹಾಳೆಯ ಸಿಪ್ಪೆಯನ್ನೂ ಎಬ್ಬಿಸುತ್ತದೆ. ಬಳಸಲೇಬೇಕಾದರೆ ನೆರಳಲ್ಲಿ ಹಚ್ಚಿ, ಆ ಹೊತ್ತೇ ತೆಗೆಯಿರಿ, ಕಾರಿನಲ್ಲಿ ಬಿಟ್ಟುಬರಬೇಡಿ. ಎದೆಪಟ್ಟಿಯ ಸಣ್ಣ ಬಿಳಿ ಅಂಚುಗಳಿಗೆ ಕೊನೆಯಲ್ಲಿ ಬಿಳಿ ಗೌಶ್ (ಕೆಳಗಿನದನ್ನು ಮುಚ್ಚುವ ಗಟ್ಟಿ ಜಲವರ್ಣ) ಒಂದೆರಡು ಚುಕ್ಕೆ ಇಟ್ಟರೆ ಯಾರೂ ಗಲ್ಲಿಗೇರಿಸುವುದಿಲ್ಲ. ಶುದ್ಧ ಜಲವರ್ಣದ ಮಡಿ ಹಾಳೆಯ ಮೇಲೆ ಇರಲಿ, ಹಕ್ಕಿಯ ಮೇಲೆ ಬೇಡ.

ಬೂದುಬಕ
ಬಿಸಿಲಿನ ಮಾತು ಬಂದದ್ದಕ್ಕೆ: ಹಾಳೆಯನ್ನು ನೇರ ಬಿಸಿಲಲ್ಲಿ ಇಟ್ಟು ಬಣ್ಣ ಹಚ್ಚಿದರೆ ಬಣ್ಣ ಇದ್ದದ್ದಕ್ಕಿಂತ ತಿಳಿಯಾಗಿ ಕಾಣುತ್ತೆ, ಕೈ ತಾನಾಗಿ ಗಾಢ ಹಚ್ಚುತ್ತೆ, ಮನೆಗೆ ತಂದು ನೋಡಿದರೆ ಚಿತ್ರ ಮಸಿ. ಕೊಡೆಯ ನೆರಳಲ್ಲಿ ಕೂರಿ. ಕೊಡೆ ಕಪ್ಪು ಅಥವಾ ಬೂದಿ ಇರಲಿ. ಕೆಂಪು ಕೊಡೆ ಹಾಳೆಯನ್ನೇ ಕೆಂಪು ಮಾಡುತ್ತೆ, ಹಕ್ಕಿಗೂ ಕಣ್ಣಿಗೆ ಹೊಡೆಯುತ್ತೆ.

ಆ ಬಿಸಿಲಲ್ಲಿ ತೆಳು ವಾಶ್ (ನೀರು ಹೆಚ್ಚಿರುವ ಬಣ್ಣದ ಪದರ) ಒಂದು ನಿಮಿಷವೂ ಹಸಿಯಿರಲ್ಲ, ಅಂಚು ಕಟ್ಟಿಬಿಡುತ್ತೆ. 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಹತ್ತಿಯ ಹಾಳೆ ನೀರು ಹೆಚ್ಚು ಹೊತ್ತು ಹಿಡಿಯುತ್ತೆ. ಅದರ ಹಿಂಬದಿಯನ್ನೂ ಒದ್ದೆ ಮಾಡಿ ಹಲಗೆಗೆ ಅಂಟಿಸಿದರೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತೆ. ಪೆನ್ಸಿಲ್ ಕೆಲಸಕ್ಕೆ ಅಷ್ಟು ದುಬಾರಿ ಹಾಳೆ ದಂಡ, 150 ಜಿಎಸ್‌ಎಂ ಎ5 ಗಟ್ಟಿ ರಟ್ಟಿನ ಪುಸ್ತಕ ಸಾಕು. 2ಬಿ ಪೆನ್ಸಿಲ್, ಇಲ್ಲವೇ 0.7ರ ಕಡ್ಡಿ ಪೆನ್ಸಿಲ್. 4ಬಿ, 6ಬಿ ಬೆವರಿನ ಅಂಗೈಗೆ ಅಳಿಸಿ ಇಡೀ ಪುಟ ಹೊಗೆಯಾಗುತ್ತೆ.

ಕುಂಚ ತೊಳೆಯೋಕೆ 200 ಮಿಲಿ ನೀರು ಮನೆಯಿಂದಲೇ ಒಯ್ಯಿರಿ, ಕೊಳೆ ನೀರನ್ನು ಅದೇ ಬಾಟಲಿಯಲ್ಲಿ ವಾಪಸ್ ತನ್ನಿ. ಕ್ಯಾಡ್ಮಿಯಂ, ಕೋಬಾಲ್ಟ್ ಬಣ್ಣಗಳ ನೀರನ್ನು ಹೊಳೆಗೆ ಚೆಲ್ಲಿ ಅದೇ ಹೊಳೆಯ ಹಕ್ಕಿ ಬರೆಯೋದು ಸರಿಯಲ್ಲ.

ಹಾವಕ್ಕಿ
ಗೂಡಿನ ಹಕ್ಕಿ ಬರೆಯುವವರು ಇದನ್ನು ಓದಿಯೇ ಹೊರಡಿ. ಬಿಸಿಲಲ್ಲಿ ತಾಯಿಯೋ ತಂದೆಯೋ ರೆಕ್ಕೆ ಬಿಚ್ಚಿ ನೆರಳು ಕೊಡುವುದು ಭಂಗಿಯಷ್ಟೇ ಅಲ್ಲ, ಗರಿ ಬಲಿಯದ ಮರಿಯ ಜೀವ. ನೀವು ಹತ್ತಿರ ಹೋಗಿ ಅದು ಎದ್ದರೆ ಮರಿ ಬೇಯುತ್ತೆ. ಮೊಟ್ಟೆ ಇದ್ದರೆ ಕಾಗೆ, ಹದ್ದು ಕಾದೇ ಇರುತ್ತವೆ. ಹಕ್ಕಿ ಎದ್ದು ಹೋಗುವ ಮೊದಲೇ ಹೇಳುತ್ತೆ: ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತೆ, ಕತ್ತು ನೆಟ್ಟಗಾಗುತ್ತೆ, ಉಬ್ಬಿದ್ದ ಗರಿ ಮೈಗೆ ಅಂಟುತ್ತೆ, ನಿಮ್ಮನ್ನೇ ನೋಡುತ್ತೆ. ಆಮೇಲೆ ಹಿಕ್ಕೆ ಹಾಕಿ ಹಾರುತ್ತೆ. ಕತ್ತು ನೆಟ್ಟಗಾದಾಗಲೇ ನೀವು ಹಿಂದೆ ಸರಿಯಬೇಕು. ಚಿತ್ರದ ದೃಷ್ಟಿಯಿಂದಲೂ ಅದು ಕೆಟ್ಟ ಭಂಗಿ. ಹೆದರಿದ ಹಕ್ಕಿಯ ಆಕಾರವೇ ಬೇರೆ. ಎಷ್ಟೋ ಫೋಟೊಗಳಲ್ಲಿ ಹಕ್ಕಿ ಸಪೂರವಾಗಿ, ಕಣ್ಣರಳಿಸಿ ನಿಂತಿರುವುದು ಕ್ಯಾಮೆರಾ ತೀರಾ ಹತ್ತಿರ ಹೋಗಿರುವುದರಿಂದ.

ರಂಗನತಿಟ್ಟು ಅಭಯಾರಣ್ಯ. ಬಿದ್ದ ಗರಿ ಚೆಂದ ಇದೆ ಅಂತ ಪುಸ್ತಕದಲ್ಲಿಟ್ಟುಕೊಂಡು ಬರುವ ಹಾಗಿಲ್ಲ. ಅಲ್ಲೇ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಿಜಗಾತ್ರಕ್ಕೆ ಬರೆದುಕೊಂಡು, ಗರಿ ಅಲ್ಲೇ ಬಿಡಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಹೆಚ್ಚು ಬಿಟ್ಟರೆ ದೋಣಿ ನಿಲ್ಲುತ್ತೆ, ಹೊರಡುವ ಮುನ್ನ ವಿಚಾರಿಸಿ.

ಮಸಿಕುಡಿಕೆ
ಬಾಯ್ಕಳಕ ಬರೆಯುವವರಿಗೆ ಒಂದು ಎಚ್ಚರಿಕೆ. ಕೊಕ್ಕಿನ ನಡುವಿನ ಸಂದು ಬಲಿತ ಹಕ್ಕಿಗೆ ಮಾತ್ರ. ಮರಿಯ ಕೊಕ್ಕು ಮಾಮೂಲಿಯಂತೆ ಮುಚ್ಚಿರುತ್ತದೆ. ಗೂಡಿನ ಚಿತ್ರದಲ್ಲಿ ಮರಿಗೂ ಸಂದು ಬರೆದಿರುವುದನ್ನು ಕಂಡರೆ ಅದು ಊಹೆಯ ಚಿತ್ರ ಎಂದು ತಿಳಿಯಿರಿ. ಗೂಡಿನ ಕಾಲದಲ್ಲಿ ಮೈ ಬಿಳಿ, ಉಳಿದ ಕಾಲದಲ್ಲಿ ಹೊಗೆ ಹಿಡಿದ ಬೂದು. ಹಾಗಾಗಿ ತಾರೀಖು ಹಾಕದ ಚಿತ್ರ ಅರ್ಧ ಚಿತ್ರ. ಪುಟದ ಮೂಲೆಯಲ್ಲಿ ದಿನ, ಗಂಟೆ, ಬೆಳಕು ಯಾವ ಕಡೆಯಿಂದ, ದೂರ ಎಷ್ಟು ಎಂದು ಬರೆಯಿರಿ.

ಕೆರೆ_ಏರಿ
ಹೆಜ್ಜಾರ್ಲೆಯ ಬೂದಿಗೂ ಅದೇ ಅಲ್ಟ್ರಾಮರೀನ್-ಸಿಯೆನಾ ಸಾಕಾ? ಮತ್ತೆ, ಕಳೆದ ವರ್ಷದ ಹತ್ತಿ ಹಾಳೆಯ ಮೇಲೆ ಬಣ್ಣ ಚುಕ್ಕೆ ಚುಕ್ಕೆಯಾಗಿ ಇಂಗುತ್ತಿದೆ. ಹಾಳೆ ಹೋಯಿತಾ?

ಒದ್ದೆಕುಂಚ
ಹೆಜ್ಜಾರ್ಲೆಗೆ ಆ ಮಿಶ್ರಣ ಹೇಳಿಮಾಡಿಸಿದ್ದು. ಅಲ್ಟ್ರಾಮರೀನ್ ಕಣಗಳು ಹಾಳೆಯ ಕುಳಿಗಳಲ್ಲಿ ಕೂತು ಹರಳುಗಟ್ಟಿದ ಬೂದು ಕೊಡುತ್ತವೆ, ಆ ಒರಟು ಮೈಗೆ ಸರಿಹೊಂದುತ್ತದೆ. ಕತ್ತಿನ ಹಿಂದಿನ ಕೆದರಿದ ಗರಿಗೆ ಒಣಕುಂಚ ಎಳೆಯಿರಿ. ಮೇಲುಕೊಕ್ಕಿನ ಅಂಚಿನ ಚುಕ್ಕೆಗಳನ್ನು ಎಣಿಸಲು ಹೋಗಬೇಡಿ, ಸಾಲಿನ ಓಟ ಹಿಡಿದರೆ ಸಾಕು.

ಹಾಳೆ ಹೋಗಿದೆ. ನೀರು ತಕ್ಷಣ ಇಂಗದಂತೆ ತಡೆಯುವ ಜೆಲಾಟಿನ್ ಲೇಪಕ್ಕೆ ತೇವದಿಂದ ಬೂಷ್ಟು ಹಿಡಿದಾಗ ಹಾಗಾಗುತ್ತದೆ, ಮಳೆಗಾಲ ಕಳೆದ ಹಾಳೆಗಳಲ್ಲಿ ಸಾಮಾನ್ಯ. ಮೂಲೆಗೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಹಾಳೆ ಬದುಕಿದೆ, ತಕ್ಷಣ ಇಂಗಿದರೆ ಇಲ್ಲ. 2 ಗ್ರಾಂ ಜೆಲಾಟಿನ್ ಅನ್ನು 100 ಮಿಲಿ ತಣ್ಣೀರಲ್ಲಿ ನೆನೆಸಿ, ಕುದಿಸದೆ ಬೆಚ್ಚಗೆ ಮಾಡಿ ಕರಗಿಸಿ, ಅಗಲ ಕುಂಚದಲ್ಲಿ ಒಂದು ಕೈ ಹಚ್ಚಿ ಒಣಗಿಸಿದರೆ ಅಭ್ಯಾಸದ ಕೆಲಸಕ್ಕೆ ಆಗುತ್ತದೆ, ಒಳ್ಳೆಯ ಚಿತ್ರಕ್ಕೆ ಬೇಡ. ಇಲ್ಲವೇ ಗೌಶ್‌ಗೋ ಬಣ್ಣದ ಪೆನ್ಸಿಲ್‌ಗೋ ಬಳಸಿ. ಹೊಸ ಹಾಳೆಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಡಬ್ಬಿಯಲ್ಲಿಡಿ. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಟ್ರೈಪಾಡ್_ಮೂರುಕಾಲು
ಆ ಬಾಣಲೆಯಲ್ಲಿ ಮತ್ತೆ ಒಗ್ಗರಣೆ ಹಾಕಬೇಡಿ. ಬೈನಾಕ್ಯುಲರನ್ನೂ ಅದೇ ಡಬ್ಬಿಯಲ್ಲಿಡಿ, ಹಾಳೆ ತಿನ್ನುವ ಬೂಷ್ಟೇ ಲೆನ್ಸನ್ನೂ ಹಿಡಿಯುತ್ತೆ.